ಸರೋಜಾಳ ಮಗ್ಗಕ್ಕೆ ಸ್ಪ್ರಿಂಗ್ ಹುಡುಕಿದ ಬೇಸಿಗೆ

ಮೊನ್ನೆ ಬೆಟಗೇರಿ ಪೇಟೆಯಿಂದ ಕಾಯಿಪಲ್ಲೆ ತಗೊಂಡು ಬರುವಾಗ ಒಂದು ಲೇಥ್ ಅಂಗಡಿಯ ಮುಂದೆ ಹಾದುಬಂದೆ. ಕಾದ ಕಬ್ಬಿಣದ ಮೇಲೆ ಎಣ್ಣೆ ಬಿದ್ದ ವಾಸನೆ ಮೂಗಿಗೆ ಬಡಿಯಿತು. ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತುಬಿಟ್ಟೆ. ಅಂಗಡಿಯವನು ಮುದುಕಿಗೆ ಬಿಸಿಲು ತಾಗಿದೆ ಎಂದುಕೊಂಡು ಕುರ್ಚಿ ಹಾಕಿದ, ನೀರು ಕೊಟ್ಟ. ಬಿಸಿಲಲ್ಲ ಎಂದು ನಾನು ಹೇಳಲಿಲ್ಲ. ಕುರ್ಚಿ ಸಿಕ್ಕಾಗ ಕುಳಿತುಬಿಡಬೇಕಾದ ವಯಸ್ಸು ನನ್ನದು. ಆದರೆ ಕುಳಿತಷ್ಟು ಹೊತ್ತೂ ಕಣ್ಣ ಮುಂದೆ ಇದ್ದದ್ದು ಹೋದ ವರ್ಷದ ಬೇಸಿಗೆ. ಆ ಬೇಸಿಗೆಯಲ್ಲೇ ನಾನು ಫೋನಿನಲ್ಲಿ ಕನ್ನಡ ಒತ್ತಲು ಕಲಿತದ್ದು. ಹಾಗಾಗಿ ಅದನ್ನೇ ಒತ್ತುತ್ತಿದ್ದೇನೆ.

ನಮ್ಮ ಮನೆಯಲ್ಲಿ ಈಗ ಉಳಿದಿರುವುದು ಒಳಕೋಣೆಯ ಒಂದೇ ಮಗ್ಗ. ಮಾವನವರ ಕಾಲದಲ್ಲಿ ಪಡಸಾಲೆಯ ತುಂಬ ಮಗ್ಗಗಳಿದ್ದವು, ಮಾತಾಡಬೇಕಾದರೆ ಒಬ್ಬರ ಕಿವಿಗೆ ಒಬ್ಬರು ಬಾಯಿ ಹಚ್ಚಬೇಕಿತ್ತು. ನನ್ನ ಮಗ ಮಗ್ಗ ಬಿಟ್ಟು ಸರಕಿನ ಗಾಡಿ ಓಡಿಸುತ್ತಾನೆ. ನನ್ನ ನಡು ಕೈಕೊಟ್ಟಾಗಿನಿಂದ ಮಗ್ಗದ ಮೇಲೆ ಕೂರುವವಳು ಸೊಸೆ ಸರೋಜಾ ಒಬ್ಬಳೇ. ಅವಳಿಗೆ ನೇಯಲು ಕಲಿಸಿದವಳು ನಾನು. ಈಗ ನನಗಿಂತ ಚೆಂದ ನೇಯುತ್ತಾಳೆ, ಅದನ್ನು ಮಾತ್ರ ಅವಳ ಮುಂದೆ ಹೇಳಿಲ್ಲ.

ಅವಳ ಬಲಗಾಲಿನ ಮೊಣಕಾಲು ಬಾತುಕೊಳ್ಳತೊಡಗಿದ್ದು ಸಂಕ್ರಾಂತಿಯ ಹೊತ್ತಿಗೆ. ಮಗ್ಗದ ಕೆಳಗೆ ಕಾಲಿನಿಂದ ಒತ್ತುವ ಹಲಗೆ ಇರುತ್ತದೆ. ಅದನ್ನು ಒತ್ತಿದರೆ ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳು ಎರಡಾಗಿ ಬಾಯಿ ತೆರೆಯುತ್ತವೆ, ನಡುವೆ ಅಡ್ಡ ನೂಲಿನ ಲಾಳಿ ಓಡುತ್ತದೆ. ಒಂದು ಸೀರೆಗೆ ಎಷ್ಟು ಸಾವಿರ ಸಲ ಒತ್ತಬೇಕೋ, ಎಣಿಸಿದವರಿಲ್ಲ. ಗದಗಿನ ಡಾಕ್ಟರು ಮೊಣಕಾಲು ಬೇಕೋ ಮಗ್ಗ ಬೇಕೋ ನೀವೇ ನೋಡ್ರಿ ಎಂದುಬಿಟ್ಟರು. ನನ್ನ ಮಗ ಹೆಂಡತಿಯ ಕಾಲು ನೋಡಲಾಗದೆ ಹುಬ್ಬಳ್ಳಿ ಕಡೆಯ ಒಂದು ರೆಸಾರ್ಟಿನವರ ಜೊತೆ ಮಾತಾಡಿ ಬಂದ. ಅವರಿಗೆ ಬಾಗಿಲ ಬಳಿ ನೋಟಕ್ಕೆ ಇಡಲು ಹಳೆಯ ಮಗ್ಗ ಬೇಕಾಗಿತ್ತಂತೆ. ಮಳೆಗಾಲಕ್ಕೆ ಮೊದಲು ಬಂದು ಬಿಚ್ಚಿಕೊಂಡು ಹೋಗುತ್ತೇವೆ ಎಂದಿದ್ದರು. ಆ ದಿನ ಸರೋಜಾ ರೊಟ್ಟಿ ಬಡಿಯುವ ಸದ್ದು ಬೀದಿಯ ತುದಿಗೂ ಕೇಳಿಸಿರಬೇಕು.

ಆಗ ಅಡ್ಡ ಬಂದವಳು ಮೊಮ್ಮಗಳು ಅಶ್ವಿನಿ. ಇಂಜಿನಿಯರಿಂಗಿನ ಕೊನೆಯ ವರ್ಷ, ಮೆಕ್ಯಾನಿಕಲ್. ಅವಳ ಗೆಳತಿಯರೆಲ್ಲ ಪ್ರಾಜೆಕ್ಟಿಗೆ ಹಾರುವ ಯಂತ್ರ, ಓಡುವ ಯಂತ್ರ ಹಿಡಿದಿದ್ದರು. ಇವಳು ಅವ್ವನ ಹಲಗೆಗೆ ಒಂದು ಸ್ಪ್ರಿಂಗ್ ಮಾಡುತ್ತೇನೆ ಎಂದು ಬರೆದುಕೊಟ್ಟಳು. ಹಲಗೆಯ ಅರ್ಧ ಭಾರ ಸ್ಪ್ರಿಂಗ್ ಎಳೆದುಕೊಂಡರೆ ಕಾಲಿಗೆ ಅರ್ಧ ಮಾತ್ರ ಉಳಿಯುತ್ತದೆ, ಮಗ್ಗ ಮನೆಯಲ್ಲೇ ಉಳಿಯುತ್ತದೆ. ಇಷ್ಟೇ ವಿಷಯ. ಒಂದು ಸ್ಪ್ರಿಂಗ್ ಅಲ್ಲವೇನೇ, ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ನಾನು ನಕ್ಕಿದ್ದೆ.

ಸಿಗುವುದಿಲ್ಲ ಎಂದು ಅವಳು ಕೂರಿಸಿಕೊಂಡು ತಿಳಿಸಿದಳು. ತಂತಿ ಎಷ್ಟು ದಪ್ಪ, ಸುರುಳಿ ಎಷ್ಟು ಅಗಲ, ಸುತ್ತು ಎಷ್ಟು, ಈ ಮೂರರಲ್ಲಿ ಒಂದನ್ನು ಮುಟ್ಟಿದರೆ ಉಳಿದದ್ದೆಲ್ಲ ಅಲ್ಲಾಡುತ್ತದೆ. ಮೇಲೆ ಕರಾರುಗಳು ಬೇರೆ. ಮುರಿಯಬಾರದು. ಅವ್ವನ ಕಾಲಿಗೆ ಹಗುರಾಗಬೇಕು. ನೇಯುವ ವೇಗಕ್ಕೆ ತಾನೇ ಗಡಗಡ ನಡುಗಬಾರದು. ಮಗ್ಗದ ಒಳಗಿನ ಜಾಗದಲ್ಲಿ ಹಿಡಿಸಬೇಕು. ಇಷ್ಟನ್ನೂ ಪಾಲಿಸುವ ಸ್ಪ್ರಿಂಗುಗಳಲ್ಲಿ ಎಲ್ಲಕ್ಕಿಂತ ಹಗುರಾದದ್ದು ಯಾವುದು ಎಂದು ಕಂಪ್ಯೂಟರ್ ಹುಡುಕಿ ಹೇಳಬೇಕು. ಭಾರದ ಸ್ಪ್ರಿಂಗ್ ಹಾಕಿದರೆ ಆ ಹಳೆಯ ಕಟ್ಟಿಗೆಗೆ ಅದೇ ಒಂದು ಹೊರೆ.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ನಾವು ಅದನ್ನು ಪೂರ್ತಿ ಕತ್ತರಿಸುವುದಿಲ್ಲ. ಹಳೆಯ ಎಳೆಗಳ ತುದಿ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಬೆರಳಿನಿಂದ ಹೊಸೆದು ಕೂಡಿಸುತ್ತೇವೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹಳೆಯದು ದಾರಿ ತೋರಿಸುತ್ತದೆ, ಹೊಸದು ಅದರ ಬೆನ್ನು ಹತ್ತಿ ಬರುತ್ತದೆ. ಎಳೆಗಳನ್ನು ಮೊದಲಿನಿಂದ ಪೋಣಿಸಲು ಕುಳಿತರೆ ದಿನಗಟ್ಟಲೆ ಹಿಡಿಯುತ್ತದೆ. ಅಷ್ಟೇ ಅಲ್ಲ, ಮಗ್ಗ ಬರಿದಾಗುವುದು ನಮ್ಮ ಮನೆಗಳಲ್ಲಿ ಒಳ್ಳೆಯದಲ್ಲ. ನೇಯುವವರು ಇಲ್ಲವಾದ ಮನೆಯಲ್ಲಿ ಮಾತ್ರ ಮಗ್ಗ ಬರಿದಾಗುತ್ತದೆ.

ಅಶ್ವಿನಿ ಹುಟ್ಟಿ ಬೆಳೆದದ್ದು ಅದನ್ನೇ ನೋಡುತ್ತ. ಹಿಂದಿನ ವರ್ಷ ಅದೇ ಕಾಲೇಜು ಮುಗಿಸಿದ ಹುಡುಗನೊಬ್ಬ ಟ್ರ್ಯಾಕ್ಟರ್ ಸೀಟಿನ ಸ್ಪ್ರಿಂಗಿಗೆ ಬರೆದಿದ್ದ ಪ್ರೋಗ್ರಾಮ್ ಇಸಿದುಕೊಂಡಳು. ಅದರ ತುದಿಗೆ ತನ್ನ ಮಗ್ಗದ ಲೆಕ್ಕವನ್ನು ಕೆಚ್ಚಿದಳು. ಕೇಳಿ ನನಗೆ ಖುಷಿಯೇ ಆಯಿತು, ಕಾಲೇಜಿಗೆ ಹೋದರೂ ಕೈ ನಮ್ಮದೇ ಎಂದು.

ಹೋಳಿ ಹುಣ್ಣಿಮೆ ಆದಮೇಲೆ ಉತ್ತರ ಬಂತು. ನಾವಿಬ್ಬರೂ ಲಕ್ಷ್ಮೇಶ್ವರದ ಬಸ್ಸು ಹತ್ತಿದೆವು. ಅಲ್ಲಿ ದಾವಲಸಾಬ ಎನ್ನುವವರು ಟ್ರ್ಯಾಕ್ಟರ್ ಕುಂಟೆಗಳಿಗೆ ಸ್ಪ್ರಿಂಗ್ ಸುತ್ತಿಕೊಡುತ್ತಾರೆ. ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಬಸ್ಸು ಪುಕ್ಕಟೆ, ಆದ್ದರಿಂದ ನಾನು ಎಲ್ಲಿಗೆ ಕರೆದರೂ ಸಿದ್ಧ. ದಾವಲಸಾಬರು ಕಾದ ತಂತಿಯನ್ನು ಸುತ್ತಿ ಎಣ್ಣೆಗೆ ಇಳಿಸಿದಾಗ ಎದ್ದ ಹೊಗೆ ನನ್ನ ಸೀರೆಯಿಂದ ಎರಡು ಒಗೆತಕ್ಕೂ ಹೋಗಲಿಲ್ಲ.

ಮನೆಗೆ ತಂದು ಹಾಕಿದೆವು. ಸರೋಜಾ ಒತ್ತಿದಳು. ಹಲಗೆ ತಾನಾಗಿ ಇಳಿದಂತೆ ಇಳಿಯಿತು. ಅವಳ ಮುಖದಲ್ಲಿ ನಗು ಬರುವುದರೊಳಗೆ ಮಗ್ಗದ ಕೆಳಗೆ ಫಟ್ಟೆಂದಿತು. ಸ್ಪ್ರಿಂಗಿನ ತುಂಡು ಅವಳ ಮೀನಖಂಡ ಗೀರಿಕೊಂಡು ಹೋಗಿ ಗೋಡೆಗೆ ಬಡಿದು ಗಿಲಾವು ಉದುರಿಸಿತು. ಸರೋಜಾ ಮೊದಲು ಬಗ್ಗಿ ಎಳೆಗಳು ಹರಿದಿವೆಯೇ ನೋಡಿದಳು, ಆಮೇಲೆ ಕಾಲು ನೋಡಿಕೊಂಡಳು.

ಗಾಯ ಸಣ್ಣದು, ವಾರದಲ್ಲಿ ಮಾಯಿತು. ಆದರೆ ಅಂದಿನಿಂದ ಅವಳ ಕಾಲು ಹೆದರಿತು. ಸ್ಪ್ರಿಂಗ್ ತೆಗೆದ ಮೇಲೂ ಹಲಗೆಯನ್ನು ಅರ್ಧ ಒತ್ತಿ ಬಿಡುತ್ತಿದ್ದಳು. ಎಳೆಗಳು ಪೂರ್ತಿ ಬಾಯಿ ತೆರೆಯದೆ ಲಾಳಿ ಎಡವುತ್ತಿತ್ತು, ಬಟ್ಟೆಯಲ್ಲಿ ತಪ್ಪು ಬೀಳುತ್ತಿತ್ತು. ನನ್ನ ಮಗ ಅಶ್ವಿನಿಗೆ ಬೈಯಲಿಲ್ಲ, ಸಾಕು ಬಿಡವ್ವ ಎಂದ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೋ ಏನೋ.

ಆಮೇಲೆ ಶುರುವಾಯಿತು ನೋಡಿ ಹುಡುಕಾಟ. ಕಂಪ್ಯೂಟರಿನ ಪ್ರಕಾರ ಸ್ಪ್ರಿಂಗ್ ಸರಿ ಇತ್ತು, ಅದೇ ಹುಡುಗಿಯನ್ನು ತಿನ್ನುತ್ತಿದ್ದದ್ದು. ಗದಗಿನ ಬಿಸಿಲು ಹೆಂಚಿನ ಮೇಲೆ ಕುಣಿಯುತ್ತಿತ್ತು, ಮಧ್ಯಾಹ್ನದ ಗಾಳಿ ಬೀದಿಯ ದೂಳನ್ನೆಲ್ಲ ಒಳಗೆ ತರುತ್ತಿತ್ತು. ಮಗ್ಗದ ಕೋಣೆ ತಂಪು ಎಂದು ಅಶ್ವಿನಿ ಅಲ್ಲೇ ಗೋಡೆಗೆ ಆತು ಕೂರುತ್ತಿದ್ದಳು. ಕರೆಂಟು ಹೋದರೆ ಆ ಹಳೆಯ ಲ್ಯಾಪ್‌ಟಾಪ್ ಅಲ್ಲೇ ಕಣ್ಣು ಮುಚ್ಚುತ್ತಿತ್ತು, ಬಂದಾಗ ಮತ್ತೆ ಮೊದಲಿನಿಂದ. ತಂತಿ ಖೋಟಾ ಇರಬೇಕೆಂದಳು, ಇರಲಿಲ್ಲ. ಸೂತ್ರ ತಪ್ಪಿರಬೇಕೆಂದು ಕೈಯಿಂದ ಲೆಕ್ಕ ಮಾಡಿ ನೋಡಿದಳು, ಸರಿಯಿತ್ತು. ಹುಡುಕಾಟವನ್ನು ಬೇರೆ ಜಾಗದಿಂದ ಶುರುಮಾಡಿಸಿದರೆ ಬೇರೆಯೇ ಉತ್ತರ ಬರುತ್ತಿತ್ತು. ಎಲ್ಲವೂ ಹಗುರ, ಯಾವುದನ್ನೂ ನಂಬುವಂತಿಲ್ಲ. ಕಾಲೇಜಿನ ಗೈಡ್ ಸರ್ ಫೋನಿನಲ್ಲಿ ಒಂದೊಂದಾಗಿ ನೋಡುತ್ತ ಹೋಗು ಎಂದಿದ್ದರು. ಅವಳು ತಾಟಿನ ಮುಂದೆ ಕುಳಿತು ರೊಟ್ಟಿಯ ಮೇಲೆ ಬೆರಳಿನಿಂದ ಸುರುಳಿ ಬರೆಯುತ್ತಿದ್ದಳು.

ಕಂಪ್ಯೂಟರ್ ಹುಡುಕುವ ಹೊತ್ತಿನಲ್ಲಿ ಕೈ ಖಾಲಿ ಇದ್ದರೆ ತಲೆ ಕೆಡುತ್ತದೆಂದು ಅವಳು ನನಗೆ ಫೋನಿನ ಅಕ್ಷರ ಕಲಿಸತೊಡಗಿದಳು. ನಾನು ಕಳಿಸಿದ ಮೊದಲ ಮೆಸೇಜು ಪಕ್ಕದಲ್ಲೇ ಕುಳಿತಿದ್ದ ಅವಳಿಗೆ, ಊಟಕ್ಕೆ ಬಾ ಎಂದು. ಬಾಯಿಂದ ಹೇಳಿದ್ದನ್ನು ಕೇಳುತ್ತಿರಲಿಲ್ಲ, ಫೋನು ಗುಂಯ್ ಎಂದರೆ ಮಾತ್ರ ನೋಡುತ್ತಿದ್ದಳು.

ಒಂದು ಸಂಜೆ, ಸರೋಜಾ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಾಗ, ಅಶ್ವಿನಿ ನನ್ನ ಕೈ ಹಿಡಿದು ಎಳೆದಳು. ಅಲ್ಲಿಯವರೆಗೆ ಕಂಪ್ಯೂಟರ್ ಕೊನೆಯ ಉತ್ತರವನ್ನಷ್ಟೇ ತೋರಿಸುತ್ತಿತ್ತು. ಅವಳು ಒಂದೊಂದು ಕರಾರನ್ನೂ ಬಿಡಿಯಾಗಿ ತೋರಿಸು ಎಂದು ಕೇಳಿದ್ದಳು. ಮುರಿಯಬಾರದು ಎನ್ನುವ ಕರಾರೇ ಮುರಿದು ಬಿದ್ದಿತ್ತು.

"ಆಯಿ, ಕರಾರು ಮುರೀಬ್ಯಾಡ ಅಂತ ಇದಕ್ಕ ಯಾರೂ ಹೇಳೇ ಇಲ್ಲ," ಎಂದಳು. "ಮುರಿದ್ರ ದಂಡ ಕಟ್ಟು ಅಂತ ಅಷ್ಟ ಹೇಳ್ಯಾರ. ಅದು ದಂಡ ಕಟ್ಟಿ ಮುರದೈತಿ."

"ಅಂದ್ರ ಪೇಟ್ಯಾಗ ಅಡ್ಡ ಗಾಡಿ ನಿಲ್ಲಸ್ತಾರಲ್ಲ, ಅವರ ಜಾತಿದ ಇದು."

"ಹೂಂ. ದಂಡ ಹಗುರ, ಅದಕ್ಕ."

ದಂಡ ಹಗುರಾದದ್ದು ಹೇಗೆಂದರೆ, ಆ ಹುಡುಗನ ಟ್ರ್ಯಾಕ್ಟರ್ ಸ್ಪ್ರಿಂಗಿನ ಭಾರ ಕಿಲೋದಲ್ಲಿತ್ತು, ಕರಾರು ಮುರಿದರೆ ಭಾರದ ಮೇಲೆ ಕೂಡುವ ದಂಡದ ಅಂಕಿಯನ್ನೂ ಅವನು ಆ ಲೆಕ್ಕಕ್ಕೇ ಇಟ್ಟಿದ್ದ. ನಮ್ಮದು ಸಣ್ಣದೆಂದು ಇವಳು ಭಾರವನ್ನು ಗ್ರಾಮಿನಲ್ಲಿ ಬರೆದಳು. ಭಾರದ ಅಂಕಿ ಸಾವಿರಪಟ್ಟು ದೊಡ್ಡದಾಯಿತು, ದಂಡ ಮಾತ್ರ ಹಳೆಯದೇ ಉಳಿಯಿತು. ತಂತಿ ತೆಳ್ಳಗೆ ಮಾಡಿ ಉಳಿಸಿದ ಗ್ರಾಮುಗಳ ಮುಂದೆ ಆ ದಂಡ ಯಾವ ಲೆಕ್ಕಕ್ಕೂ ಇರಲಿಲ್ಲ. ಕೆಚ್ಚಿದ ಗಂಟಿನಲ್ಲೇ ತಪ್ಪು ಕುಳಿತಿತ್ತು.

ಹಾಗಾದರೆ ದಂಡ ಹೆಚ್ಚು ಮಾಡು, ಮುಗಿಯಿತಲ್ಲ ಎಂದೆ. ಅವಳು ಇಲ್ಲ ಎಂದಳು. ಎಲ್ಲವನ್ನೂ ಅಳಿಸಿ ಮೊದಲಿನಿಂದ ಬರೆಯುತ್ತೇನೆ ಎಂದಳು. ಪರೀಕ್ಷೆ ಹತ್ತಿರ ಬಂದಿತ್ತು, ರೆಸಾರ್ಟಿನವರೂ ಬರುವವರಿದ್ದರು. ಹಾಸು ಕತ್ತರಿಸಬಾರದು ಎಂದು ಬೆಳೆಸಿದ ಮನೆಯ ಹುಡುಗಿ ಇದು. ಕತ್ತರಿಸಬೇಡ, ಗಂಟು ಬಿಚ್ಚಿ ಅಲ್ಲೇ ಸರಿಮಾಡು ಎಂದು ಬಗೆಬಗೆಯಾಗಿ ಹೇಳಿದೆ.

"ಇನ್ನೂ ಏನೇನ ಹಳೇದು ಒಳಗ ಉಳದೈತೋ ನನಗ ಗೊತ್ತಿಲ್ಲ, ಆಯಿ," ಎಂದಳು. "ಇದರ ಮ್ಯಾಲೆ ಅವ್ವ ಕಾಲ ಇಡಾಕಿ."

ನಾನು ಎದ್ದು ಅವಳಿಗೆ ಚಹಾ ಕಾಸಲು ಹೋದೆ.

ಹೊಸದಾಗಿ ಬರೆದಳು. ಈ ಸಲ ದಂಡದ ಮಾತೇ ಇಲ್ಲ, ಕರಾರು ಮುರಿದ ಸ್ಪ್ರಿಂಗನ್ನು ಲೆಕ್ಕಕ್ಕೇ ತಗೊಳ್ಳಬೇಡ ಎಂದು ಬರೆದಳು. ಶುರುಮಾಡಿಸಿ ಇಬ್ಬರೂ ಕಾದೆವು. ಕಂಪ್ಯೂಟರ್ ಹುಡುಕಿ ಹುಡುಕಿ ಉತ್ತರ ಇಲ್ಲ ಎಂದಿತು. ಮತ್ತೊಮ್ಮೆ ಮಾಡಿಸಿದಳು. ಇಲ್ಲ. ಮೊದಲಿನದು ಸುಳ್ಳು ಹೇಳುತ್ತಿತ್ತು, ಆದರೂ ಏನೋ ಒಂದು ಆಸೆ ಇಟ್ಟಿತ್ತು. ಇದು ನಿಜ ಹೇಳಿ ಬಾಗಿಲು ಹಾಕಿತು. ಇಷ್ಟೆಲ್ಲ ಕರಾರು ಪಾಲಿಸುವ ಸ್ಪ್ರಿಂಗ್ ಈ ಲೋಕದಲ್ಲೇ ಇಲ್ಲ ಎಂದರೆ ಏನು ಮಾಡುವುದು? ಹುಡುಗಿ ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಂಡು ಬಹಳ ಹೊತ್ತು ಒಳಗೇ ಇದ್ದಳು.

ನನಗೆ ಅದಕ್ಕಿಂತ ದಿಗಿಲು ಹುಟ್ಟಿಸಿದ್ದು ಸರೋಜಾ. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಿತ್ತು. ಪ್ರತಿ ಸಲ ಇಷ್ಟು ಹೊತ್ತಿಗೆ ಮುಂದಿನ ಹಾಸಿನ ನೂಲು ಬಂದು ಮೂಲೆಯಲ್ಲಿ ಕುಳಿತಿರುತ್ತದೆ. ಈ ಸಲ ಮೂಲೆ ಖಾಲಿ ಇತ್ತು. ನೂಲಿಗೆ ಹೇಳಲಿಲ್ಲವೇ ಎಂದು ಕೇಳಿದರೆ ನೋಡೋಣ್ರಿ ಅತ್ತಿ ಎಂದು ಅಡುಗೆಮನೆಗೆ ಹೋಗುತ್ತಿದ್ದಳು. ಅವಳ ಅರ್ಧ ಒತ್ತಿನ ಸದ್ದು ಪಡಸಾಲೆಗೆ ಕೇಳುವಾಗೆಲ್ಲ ಇನ್ನೆಷ್ಟು ಉಳಿದಿದೆ ಎಂದು ನನ್ನ ಲೆಕ್ಕ ನಡೆದಿರುತ್ತಿತ್ತು. ರೆಸಾರ್ಟಿನವರ ಫೋನು ಬಂತು. ಅಮಾವಾಸ್ಯೆ ಕಳೆದ ಮೇಲೆ ಲಾರಿ ಕಳಿಸುತ್ತೇವೆ ಎಂದರು.

ಅಶ್ವಿನಿ ಸುಮ್ಮನೆ ಕುಳಿತಿರಲಿಲ್ಲ. ಒಂದೊಂದು ಕರಾರನ್ನು ಸ್ವಲ್ಪ ಸಡಿಲ ಬಿಟ್ಟು, ಯಾವುದು ಅಡ್ಡ ಬರುತ್ತಿದೆ ಎಂದು ನೋಡುತ್ತಿದ್ದಳು. ಒಂದು ಮುಂಜಾನೆ ಅವಳ ಮುಖದಲ್ಲಿ ಏನೋ ಸಿಕ್ಕ ಕಳೆ ಕಂಡಿತು. ನಾನು ಕಾಯುತ್ತ ಕುಳಿತೆ, ಅವಳು ಬಾಯಿ ಬಿಡಲಿಲ್ಲ. ಮರುದಿನವೂ ಬಿಡಲಿಲ್ಲ. ಉತ್ತರ ಸಿಕ್ಕಿತೇನೇ ಎಂದು ಕೇಳಿದರೆ ಕಣ್ಣು ತಪ್ಪಿಸಿ ಅವ್ವನ ಕಡೆ ನೋಡಿದಳು. ಸರೋಜಾ ಲಾಳಿಗೆ ನೂಲು ಹಾಕುತ್ತ ತಲೆ ಅಲ್ಲಾಡಿಸಿದ್ದನ್ನು ನಾನು ಕಂಡೆ. ನನ್ನ ಕಿವಿ ಮಂದ ಆಗಿರಬಹುದು, ಕಣ್ಣು ಮಾತ್ರ ಚುರುಕು, ಆಪರೇಷನ್ ಆಗಿ ಇನ್ನೂ ಬಹಳ ದಿನವಾಗಿಲ್ಲ.

"ನನ್ನ ಮುಂದ ಇಬ್ರೂ ಏನ ಮುಚ್ಚಿಡಾಕತ್ತೀರಿ?" ಎಂದೆ.

ಅಶ್ವಿನಿ ತಡೆದುಕೊಳ್ಳಲಿಲ್ಲ. "ಜಾಗಾದ್ದು ಆಯಿ. ಇನ್ನೊಂದು ಗೇಣು ಉದ್ದ ಸಿಕ್ಕರ ಉತ್ತರ ಬರ್ತೈತಿ. ಬಲಗಡೆ ಕಂಬಕ್ಕ ಕೊಂಡಿ ಹಾಕಿದ್ರ ಸಿಗ್ತೈತಿ." ಸ್ವಲ್ಪ ತಡೆದು ಹೇಳಿದಳು, "ಅದು ನಿನ್ನ ಕರಾರು."

ಮಗ್ಗದ ಬಲಗಡೆಯ ಕಂಬ ನಮಗೆ ಬರೀ ಕಟ್ಟಿಗೆ ಅಲ್ಲ. ಅಮಾವಾಸ್ಯೆಯ ದಿನ ಮಗ್ಗಕ್ಕೆ ರಜೆ. ಅಂದು ಆ ಕಂಬಕ್ಕೆ ನೀರು ಹಚ್ಚಿ ಒರೆಸಿ, ವಿಭೂತಿ ಕುಂಕುಮ ಇಟ್ಟು, ಊದುಬತ್ತಿ ಬೆಳಗುತ್ತೇವೆ. ನಾನು ಮದುವೆಯಾಗಿ ಬಂದ ದಿನ ಅತ್ತೆ ನನ್ನಿಂದ ದೇವರ ಜಗಲಿಗಿಂತ ಮೊದಲು ಆ ಕಂಬಕ್ಕೆ ನಮಸ್ಕಾರ ಮಾಡಿಸಿದ್ದರು. ಅದಕ್ಕೆ ಒಂದು ಮೊಳೆ ಹೊಡೆದವರಿಲ್ಲ. ಹೋಳಿಗೂ ಮೊದಲು ಅಶ್ವಿನಿ ಟೇಪು ಹಿಡಿದು ಅಳೆಯುವಾಗ, ಬಲಗಡೆ ಕಂಬಕ್ಕೆ ಮಾತ್ರ ಕೈ ಹಚ್ಚಬೇಡಿ ಎಂದು ನಾನು ಕಡಲೆ ತಿನ್ನುತ್ತ ಹೇಳಿದ್ದೆ. ಆ ಮಾತು ಹೋಗಿ ಕಂಪ್ಯೂಟರಿನ ಒಳಗೆ ಕುಳಿತಿತ್ತು. ಹಳೆಯದನ್ನೆಲ್ಲ ಅಳಿಸಿದವಳು ಅದೊಂದನ್ನು ಹಾಗೇ ಉಳಿಸಿದ್ದಳು.

ನನಗೆ ಹೇಳಬಾರದೆಂದವಳು ಸರೋಜಾ. "ಅತ್ತಿ ಮಾತು ಅದು, ಕೇಳಾಕ ಹೋಗಬ್ಯಾಡ ಅಂತ ನಾನ ಅಂದಿದ್ದೆ," ಎಂದಳು, ಲಾಳಿಯಿಂದ ಕಣ್ಣು ಎತ್ತದೆ.

ನನಗೆ ಸಿಟ್ಟು ಬಂತು. ಮಗ್ಗ ಕಳೆದುಕೊಳ್ಳಲು ಇವಳು ಸಿದ್ಧ, ನನ್ನನ್ನು ಒಂದು ಮಾತು ಕೇಳಲು ಸಿದ್ಧಳಿಲ್ಲ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕುಳಿತಿದ್ದೇವೆ, ನಾನು ಅಷ್ಟು ಕೆಟ್ಟವಳೇ ಎನಿಸಿತು. ಅದನ್ನು ತೋರಿಸದೆ ದನಿ ಏರಿಸಿದೆ.

"ಮಗ್ಗನ ಹೋದ ಮ್ಯಾಲೆ ಆ ಕಂಬಕ್ಕ ಕುಂಕುಮ ಎಲ್ಲಿ ಹಚ್ಚಲಿ? ಅಮಾವಾಸಿಗೊಮ್ಮೆ ರೆಸಾರ್ಟಿಗೆ ಹೋಗಿ ಹಚ್ಚಲೇನು?"

ಸರೋಜಾ ನಗುವುದೋ ಅಳುವುದೋ ತಿಳಿಯದೆ ಸೆರಗು ಬಾಯಿಗೆ ಒತ್ತಿಕೊಂಡಳು.

ಕೊಂಡಿ ಹಾಕಿಸ್ರಿ ಎಂದು ಹೇಳಿದ್ದೇನೋ ಹೇಳಿದೆ. ಆದರೆ ಎರಡು ದಿನ ಊಟ ಸೇರಲಿಲ್ಲ. ಕಂಬಕ್ಕೆ ತೂತು ಹಾಕಿದ ಮೇಲೆ ಮನೆಯಲ್ಲಿ ಯಾರಿಗಾದರೂ ಏನಾದರೂ ಆದರೆ? ಮಗ ದಿನವೂ ಮುಂಡರಗಿ ದಾರಿಯಲ್ಲಿ ಗಾಡಿ ಓಡಿಸುತ್ತಾನೆ. ಸ್ವಾಮಿಗಳನ್ನು ಕೇಳೋಣವೇ ಎಂದುಕೊಂಡೆ. ಕೇಳಿದರೆ ಅವರು ಏನಾದರೂ ಹೇಳುತ್ತಾರೆ, ಹೇಳಿದರೆ ನಡೆಸಬೇಕಾಗುತ್ತದೆ. ಕೇಳಲಿಲ್ಲ. ಬಡಿಗ ಬಂದ ದಿನ ನಾನೇ ಕಂಬ ಒರೆಸಿದೆ, ಕುಂಕುಮ ಇಟ್ಟೆ, ಅವನ ಡ್ರಿಲ್ ಯಂತ್ರಕ್ಕೂ ಇಟ್ಟೆ. ಅವನ ಹಣೆಗೂ ಇಡಲು ಹೋದಾಗ ಬ್ಯಾಡ್ರಿ ಆಯಿ, ಬೆವರೈತಿ ಎಂದು ಹಿಂದೆ ಸರಿದ. ಡ್ರಿಲ್ ಸದ್ದಿಗೆ ನಾನು ಕಿವಿ ಮುಚ್ಚಿಕೊಳ್ಳಲಿಲ್ಲ, ಕಣ್ಣು ಮುಚ್ಚಿಕೊಂಡೆ. ಬಿದ್ದ ಹೊಟ್ಟನ್ನು ಕಸಕ್ಕೆ ಹಾಕಲು ಬಿಡದೆ ತುಳಸಿ ಬುಡಕ್ಕೆ ಹಾಕಿದೆ.

ಕಂಪ್ಯೂಟರಿಗೆ ಒಂದು ಗೇಣು ಕೊಟ್ಟಕೂಡಲೇ ಉತ್ತರ ಬಂತು. ಎಲ್ಲಿಂದ ಶುರುಮಾಡಿಸಿದರೂ ಅದೇ ಉತ್ತರ. ಅಶ್ವಿನಿ ಒಂದೊಂದು ಕರಾರನ್ನೂ ಬೆರಳಿಟ್ಟು ನೋಡಿದಳು, ಕೈಯಿಂದಲೂ ಲೆಕ್ಕ ಮಾಡಿದಳು, ಗೈಡ್ ಸರ್‌ಗೂ ಕಳಿಸಿದಳು. ಅವರು ಸರಿ ಇದೆ ಎಂದರು. ಅವಳಿಗೆ ಸಮಾಧಾನ ಆಗಲಿಲ್ಲ. ಮೊದಲನೆಯದೂ ಸರಿ ಇದೆ ಎಂದೇ ಹೇಳಿತ್ತಲ್ಲ ಆಯಿ, ಎಂದಳು.

ಮತ್ತೆ ಲಕ್ಷ್ಮೇಶ್ವರ. ದಾವಲಸಾಬರು ಹಿಂದಿನದು ಮುರಿದ ಸುದ್ದಿ ಕೇಳಿ ಬೇಸರಪಟ್ಟುಕೊಂಡರು. ಹೊಸದನ್ನು ಸುತ್ತಿ, ಕೊಕ್ಕೆಗೆ ಹಾಕಿ ಎಳೆದು ಎಳೆದು ನೋಡಿಯೇ ಕೊಟ್ಟರು. ಮರಳಿ ಬರುವಾಗ ಶಿರಹಟ್ಟಿಯ ಮೇಲೆ ಮೋಡ ಕಟ್ಟಿತ್ತು, ಗಾಳಿಗೆ ಬಸ್ಸಿನ ಕಿಟಕಿಗಳು ಬಡಿದುಕೊಳ್ಳುತ್ತಿದ್ದವು. ಸ್ಪ್ರಿಂಗನ್ನು ನಾನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕಂಡಕ್ಟರ್ ಅದೇನು ಎಂದು ಕೇಳಿದ. ಮೊಮ್ಮಗಳದು ಎಂದೆ. ಅವನು ಕೂಸು ಎಂದು ತಿಳಿದು ಜೋಪಾನ ಎಂದ. ಅಶ್ವಿನಿ ನಗಲಿಲ್ಲ. ಕಿಟಕಿಯ ಸರಳು ಹಿಡಿದು ಲೆಕ್ಕದ ಹಾಳೆಯನ್ನೇ ಮತ್ತೆ ಓದುತ್ತಿದ್ದಳು.

ಲಾರಿ ಬರುವ ಹಿಂದಿನ ದಿನ ಸ್ಪ್ರಿಂಗ್ ಹಾಕಿದೆವು. ಅಶ್ವಿನಿ ಮಗ್ಗದ ಕೆಳಗೆ ಬೇರೊಂದು ಹಲಗೆ ಅಡ್ಡ ನಿಲ್ಲಿಸಿದಳು, ಮುರಿದರೂ ತುಂಡು ಕಾಲಿಗೆ ಬಾರದಂತೆ. ಮಗ ಗಾಡಿ ತೆಗೆಯದೆ ಬಾಗಿಲಲ್ಲಿ ನಿಂತಿದ್ದ. ಸರೋಜಾ ಮಗ್ಗದ ಹತ್ತಿರ ಬಂದವಳು ನಿಂತೇಬಿಟ್ಟಳು, ಕೂರಲಿಲ್ಲ. ಯಾರೂ ಅವಳಿಗೆ ಕೂರು ಎನ್ನುವ ಹಾಗಿರಲಿಲ್ಲ.

ನಾನು ಹೋಗಿ ಕುಳಿತೆ. ಮಗ ಅವ್ವಾ ಎಂದ, ಕೇಳಿಸದವಳಂತೆ ಮಾಡಿದೆ. ಎಷ್ಟೋ ವರ್ಷದ ಮೇಲೆ ಕುಳಿತದ್ದು, ನಡು ಚುಳ್ ಎಂದಿತು. ಒತ್ತಿದೆ. ಹಲಗೆ ಮೆತ್ತಗೆ ಇಳಿಯಿತು, ಎಳೆಗಳು ಬಾಯಿ ತೆರೆದವು. ಲಾಳಿ ಒಗೆದೆ. ಇನ್ನೊಮ್ಮೆ ಒತ್ತಿದೆ, ಮತ್ತೊಮ್ಮೆ ಒತ್ತಿದೆ. ಪ್ರತಿ ಸಲ ಕೆಳಗಿನಿಂದ ಫಟ್ಟೆನ್ನುವ ಸದ್ದಿಗೆ ಕಾದೆ, ಬರಲಿಲ್ಲ. ಏಳುವ ಮನಸ್ಸೇ ಆಗಲಿಲ್ಲ. ನಾನು ಹಾಗೇ ನೇಯುತ್ತ ಹೋದೆ.

"ಏಳ್ರಿ ಅತ್ತಿ," ಎಂದಳು ಸರೋಜಾ. "ಅಂಚು ಸೊಟ್ಟ ಆಗಾಕತ್ತೈತಿ."

ಸೊಟ್ಟ ಆಗಿತ್ತು, ಸುಳ್ಳಲ್ಲ. ಎದ್ದು ಕಂಬ ಹಿಡಿದು ನಿಂತೆ. ಸರೋಜಾ ಕುಳಿತಳು, ಬಲಗಾಲು ಹಲಗೆಯ ಮೇಲೆ ಇಟ್ಟಳು, ಅಲ್ಲೇ ತಡೆದಳು. ಅವಳು ಸ್ಪ್ರಿಂಗ್ ನೋಡಲಿಲ್ಲ, ನನ್ನನ್ನು ನೋಡಲಿಲ್ಲ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದ ಮಗಳನ್ನು ನೋಡಿದಳು.

"ಒತ್ತಲೇನವ್ವ?"

ಕಾಲೇಜಿನಲ್ಲಿ ಮುಂದೆ ಅಶ್ವಿನಿಯನ್ನು ಯಾರು ಯಾರು ಏನೇನು ಕೇಳಿದರೋ, ಇಷ್ಟು ಕಷ್ಟದ್ದನ್ನು ಯಾರೂ ಕೇಳಿರಲಾರರು. ಲ್ಯಾಪ್‌ಟಾಪ್ ಪಕ್ಕದಲ್ಲೇ ತೆರೆದಿತ್ತು, ಅವಳು ಅದರ ಕಡೆ ತಿರುಗಲಿಲ್ಲ.

"ಒತ್ತು," ಎಂದಳು. "ಪೂರ್ತಿ ಒತ್ತು."

ಸರೋಜಾ ಪೂರ್ತಿ ಒತ್ತಿದಳು. ಹಲಗೆ ನೆಲ ಮುಟ್ಟಿ ಮೇಲೆ ಬಂತು. ಅವಳು ಲಾಳಿ ಒಗೆದಳು, ಮತ್ತೆ ಒತ್ತಿದಳು, ನಾನು ಮಾಡಿದ ಸೊಟ್ಟವನ್ನು ಸರಿಪಡಿಸುತ್ತ ಮುಂದೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಕೈ ನಿಲ್ಲಿಸದೆ, ಬಾಗಿಲಲ್ಲಿದ್ದ ಗಂಡನಿಗೆ, ಹಂಗ ನಿಂತಿದ್ರ ಹೆಂಗ್ರಿ, ಹೋಗಿ ನೂಲಿಗೆ ಹೇಳಿ ಬರ್ರಿ ಎಂದಳು.